ಗುಲಾಬಿ ಕ್ರಾಸ್ ಮಾಡಿದರೂ ಕಾಯಿ ನಿಲ್ಲುತ್ತಿಲ್ಲವೇ? ಕಲಬುರಗಿ ಬಿಸಿಲಿಗೆ ಒಂದು ದೋಷ ನಿವಾರಣೆ ಕೈಪಿಡಿ

ಮನೆಯಲ್ಲೇ ಎರಡು ಗುಲಾಬಿ ಸೇರಿಸಿ ಹೊಸ ತಳಿ ಮಾಡುವುದನ್ನು ಹೇಳಿಕೊಡುವ ವಿಡಿಯೋಗಳು ಬೇಕಾದಷ್ಟಿವೆ. ಹೆಚ್ಚಿನವು ತಂಪು ದೇಶದವರು ಮಾಡಿದವು. ಬೇಸಿಗೆ ಶುರುವಾದಾಗ ಕ್ರಾಸ್ ಮಾಡಿ, ಚಳಿಗೆ ಮುಂಚೆ ಕಾಯಿ ಕೀಳಿ ಅಂತ ಅವರು ಹೇಳುತ್ತಾರೆ. ಅದನ್ನೇ ನಂಬಿ ಕಲಬುರಗಿಯಲ್ಲಿ ಮಾರ್ಚ್‌ನಲ್ಲಿ ಶುರು ಮಾಡಿದರೆ ಮೇ ತಿಂಗಳ 42–43 ಡಿಗ್ರಿಯಲ್ಲಿ ಎಳೆಗಾಯಿ ಗಿಡದ ಮೇಲೇ ಬೇಯುತ್ತದೆ. ನಮ್ಮ ಕಡೆ ಕ್ರಾಸ್ ಕೆಟ್ಟರೆ ಮೊದಲು ಕ್ಯಾಲೆಂಡರ್ ನೋಡಬೇಕು, ಆಮೇಲೆ ತಾಯಿ ಗಿಡ, ಅಂದರೆ ಕಾಯಿ ಹೊರುವ ಗಿಡ, ನೋಡಬೇಕು. ನಿಮ್ಮ ಕೈಗುಣವನ್ನು ಅನುಮಾನಿಸುವುದು ಕೊನೆಗೆ.

## ಎಲ್ಲ ಸರಿಯಿದ್ದರೆ ಹೇಗಿರುತ್ತದೆ

ತಪ್ಪು ಎಲ್ಲಿದೆ ಅಂತ ಗೊತ್ತಾಗಬೇಕಾದರೆ ಸರಿಯಾದ ಲೆಕ್ಕ ಗೊತ್ತಿರಬೇಕು.

ದಸರಾ ಆಸುಪಾಸು, ಮಳೆ ನಿಂತ ಮೇಲೆ ಗಿಡ ಕಟಿಂಗ್ ಮಾಡಿ, ಅಂದರೆ ಕೊಂಬೆ ಸವರಿ. 45–50 ದಿನಕ್ಕೆ ಹೂವು ಬರುತ್ತದೆ. ನವೆಂಬರ್ ಕೊನೆಯಿಂದ ಎಳ್ಳ ಅಮಾವಾಸ್ಯೆವರೆಗೆ (ಡಿಸೆಂಬರ್–ಜನವರಿ) ಕ್ರಾಸ್ ಮಾಡಲು ಒಳ್ಳೆಯ ಕಾಲ. ತಾಯಿ ಹೂವು ಪೂರ್ತಿ ಅರಳುವ ಮುಂಚೆ, ಹೊರಗಿನ ದಳ ಸಡಿಲಾಗಿ ಒಳಗಿನವು ಇನ್ನೂ ಬಿಗಿಯಾಗಿರುವಾಗ, ದಳಗಳನ್ನೂ ಕೇಸರಗಳನ್ನೂ ತೆಗೆದುಹಾಕಬೇಕು. ನಡುವೆ ಗೊಂಚಲಾಗಿ ನಿಲ್ಲುವ ಹೆಣ್ಣು ತುದಿಗಳು ಮರುದಿನ ಬೆಳಿಗ್ಗೆ ಸ್ವಲ್ಪ ಅಂಟಂಟಾಗುತ್ತವೆ. ಆಗ ತಂದೆ ಹೂವಿನ, ಅಂದರೆ ಸೇರಿಸಬೇಕಾದ ಇನ್ನೊಂದು ಗಿಡದ ಹೂವಿನ, ಹಳದಿ ಪುಡಿ (ಪರಾಗ) ಹಚ್ಚಿ, ಕಾಗದದ ಚೀಲ ಕಟ್ಟಿ, ಟ್ಯಾಗ್ ಹಾಕಬೇಕು. ಮಾರನೇ ದಿನ ಇನ್ನೊಮ್ಮೆ ಹಚ್ಚಿದರೆ ಒಳ್ಳೆಯದು.

ಎರಡು–ಮೂರು ವಾರದಲ್ಲಿ ಹೂವಿನ ಬುಡ ಹಸಿರಾಗೇ ಇದ್ದು ಉಬ್ಬಲು ಶುರುವಾದರೆ ಕೆಲಸ ಆದಂತೆ. ಕಾಯಿ ಬಲಿಯಲು 100–120 ದಿನ ಬೇಕು. ಡಿಸೆಂಬರ್ ಮೊದಲ ವಾರ ಮಾಡಿದ ಕ್ರಾಸ್ ಶರಣಬಸವೇಶ್ವರರ ಜಾತ್ರೆ ಹೊತ್ತಿಗೆ, ಅಂದರೆ ಮಾರ್ಚ್‌ನಲ್ಲಿ, ಬಣ್ಣ ತಿರುಗಲು ಶುರುವಾಗುತ್ತದೆ. ಬಿರುಬಿಸಿಲಿಗೆ ಮುಂಚೆ ಕಾಯಿ ನಿಮ್ಮ ಕೈಯಲ್ಲಿರುತ್ತದೆ.

## ಲಕ್ಷಣ: ಕ್ರಾಸ್ ಮಾಡಿದ ಕಾಯಿ ಎರಡು–ಮೂರು ವಾರದಲ್ಲೇ ಹೋಗುತ್ತದೆ

ಎಲ್ಲರೂ ಕೇಳುವುದು ಇದನ್ನೇ. ಮೊದಲು ತೊಟ್ಟು ನೋಡಿ, ಖರ್ಚಿಲ್ಲದ ಪರೀಕ್ಷೆ ಅದು.

ತೊಟ್ಟು ಕತ್ತರಿಯಲ್ಲಿ ಕತ್ತರಿಸಿದಂತೆ ನೀಟಾಗಿದ್ದರೆ ಮನೆಯವರನ್ನು ವಿಚಾರಿಸಿ. ದಳ ಇಲ್ಲದ ಬೋಳು ಹೂವು ಬೇರೆಯವರಿಗೆ ಬಾಡಿದ ಹೂವಿನ ಹಾಗೇ ಕಾಣುತ್ತದೆ, ಕಸ ಅಂತ ಕಿತ್ತು ಎಸೆಯುತ್ತಾರೆ. ಬೆಳಿಗ್ಗೆ ಪೂಜೆಗೆ ಹೂವು ಬಿಡಿಸುವ ಅತ್ತೆಗೋ ಅಮ್ಮನಿಗೋ ಮೊದಲೇ ಹೇಳಿಡಿ, ಕೆಂಪು ಉಲ್ಲನ್ ದಾರ ಕಟ್ಟಿದ ಕೊಂಬೆ ಮುಟ್ಟಬೇಡಿ ಅಂತ. ತೊಟ್ಟು ಹರಿದಂತೆ, ಕಚ್ಚಿದಂತೆ ಇದ್ದರೆ ಅಳಿಲು ಇಲ್ಲವೇ ಗಿಳಿ. ಹಳೆ ಸೊಳ್ಳೆ ಪರದೆ ತುಂಡು ಸುತ್ತಿದರೆ ಸಾಕು.

ಕಾಯಿ ಹಳದಿಯಾಗಿ, ಮುಟ್ಟಿದರೆ ತಾನಾಗಿ ಬಿದ್ದರೆ ಗಿಡವೇ ಅದನ್ನು ಬಿಟ್ಟುಕೊಟ್ಟಿದೆ. ಇದಕ್ಕೆ ಕಾರಣ ಹಲವು. ಈ ಕ್ರಮದಲ್ಲಿ ನೋಡುತ್ತಾ ಹೋಗಿ.

ತಾರೀಖು ಮೊದಲು. ಫೆಬ್ರವರಿ ಮಧ್ಯದ ನಂತರ ಮಾಡಿದ ಕ್ರಾಸಾಗಿದ್ದರೆ ಮುಂದೆ ಹುಡುಕುವ ಅಗತ್ಯವೇ ಇಲ್ಲ. ಬೀದರ್‌ನವರಿಗೆ ಸ್ವಲ್ಪ ಸಡಿಲಿಕೆ ಇದೆ. ಊರು ಎತ್ತರದಲ್ಲಿರುವುದರಿಂದ ರಾತ್ರಿ ತಂಪು ಜಾಸ್ತಿ. ಯಾದಗಿರಿಯವರಿಗೆ ಆ ಸೌಲಭ್ಯ ಇಲ್ಲ, ಜನವರಿ ಮಧ್ಯಕ್ಕೇ ಮುಗಿಸಿಬಿಡಿ.

ಎರಡನೆಯದು ನೀರು. ಎರೆ ಮಣ್ಣಿನಲ್ಲಿ ಗಿಡ ಇದ್ದರೆ ಬುಡ ನೋಡಿ. ಮಣ್ಣು ಬಿರುಕು ಬಿಟ್ಟಿದ್ದರೆ ಸಣ್ಣ ಬೇರುಗಳು ಹರಿದಿರುತ್ತವೆ. ಅಂಥ ಗಿಡ ತನ್ನ ಜೀವ ಉಳಿಸಿಕೊಳ್ಳಲು ಮೊದಲು ಕಾಯಿ ಉದುರಿಸುತ್ತದೆ. ಒಂದು ವಾರ ಬಿಟ್ಟು ಕೊಡಪಾನಗಟ್ಟಲೆ ಸುರಿಯುವುದಕ್ಕಿಂತ ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ಕೊಡಿ. ಬುಡಕ್ಕೆ ತೊಗರಿ ಹೊಟ್ಟು ಹರಡಿ. ನಮ್ಮಲ್ಲಿ ಅದಕ್ಕೆ ಬರವಿಲ್ಲ ಅಲ್ವಾ?

ಮೂರನೆಯದು ಗೊಬ್ಬರ. ಹೊಸ ಚಿಗುರು ಕಡುಹಸಿರಾಗಿ ಮೊಳಕೈ ಉದ್ದ ಬೆಳೆಯುತ್ತಿದೆ, ಕಾಯಿ ಮಾತ್ರ ನಿಲ್ಲುತ್ತಿಲ್ಲ ಅಂದರೆ ಯೂರಿಯಾ ಜಾಸ್ತಿಯಾಗಿದೆ. ಕ್ರಾಸ್ ಮಾಡುವ ತಿಂಗಳು ಮತ್ತು ಅದರ ಮುಂದಿನ ತಿಂಗಳು ಯೂರಿಯಾ ಮುಟ್ಟಬೇಡಿ.

ನಾಲ್ಕನೆಯದು ಹೆಣ್ಣು ತುದಿಗಳ ಸ್ಥಿತಿ. ಮರುದಿನ ಚೀಲ ಬಿಚ್ಚಿದಾಗ ಅವು ಕಂದಾಗಿ ಒಣಗಿದ್ದರೆ ಪುಡಿ ಹಿಡಿದಿಲ್ಲ. ಒಣ ಗಾಳಿ ಬೀಸುವ ದಿನ ಹೀಗಾಗುತ್ತದೆ. ಬೆಳಿಗ್ಗೆ 8 ಗಂಟೆ ಒಳಗೆ ಕೆಲಸ ಮುಗಿಸಿ, ಬಟರ್ ಪೇಪರ್ ಚೀಲ ಕಟ್ಟಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ, ಬಿಸಿಲಿಗೆ ಒಳಗೆ ಹಬೆಯಾಗುತ್ತದೆ.

ಇವೆಲ್ಲ ಸರಿಯಿದ್ದೂ ಉದುರಿದರೆ ತಾಯಿ ಗಿಡವೇ ಕಾಯಿ ಕಟ್ಟುವ ಜಾತಿಯಲ್ಲದಿರಬಹುದು. ಪರೀಕ್ಷೆ ಸುಲಭ. ಅದೇ ಗಿಡದಲ್ಲಿ ನಾಲ್ಕೈದು ಹೂವು ಕೀಳದೆ ಬಿಡಿ. ಒಂದೂ ತಾನಾಗಿ ಕಾಯಿ ಕಟ್ಟದಿದ್ದರೆ ಅದನ್ನು ತಾಯಿ ಮಾಡುವ ಆಸೆ ಬಿಡಿ, ತಂದೆಯಾಗಿ ಬಳಸಿ ನೋಡಿ. ನರ್ಸರಿಯಲ್ಲಿ ಹೂವು ನೋಡಿ ಮರುಳಾಗುವ ಬದಲು ಗಿಡದ ಮೇಲೆ ಹಳೆಯ ಕಾಯಿ ಇದೆಯಾ ಅಂತ ನೋಡುವುದು ಜಾಣತನ. ಇನ್ನೊಂದು ವಿಷಯ, ಕೊಂಬೆ ಕಸಿ ಗಂಟಿನ ಮೇಲಿನಿಂದ ಬಂದಿದೆಯೇ ನೋಡಿ. ಗಂಟಿನ ಕೆಳಗಿನಿಂದ ಬಂದಿದ್ದರೆ ನೀವು ಕ್ರಾಸ್ ಮಾಡಿರುವುದು ಬೇರುಗಿಡದ, ಅಂದರೆ ಕಸಿಗೆ ಬೇರು ಕೊಟ್ಟ ಗಿಡದ, ಕಾಡು ಗುಲಾಬಿಯನ್ನು.

## ಲಕ್ಷಣ: ತಂದೆ ಹೂವಿನಿಂದ ಪುಡಿಯೇ ಬರುತ್ತಿಲ್ಲ

ಹೂವು ಬಿಡಿಸಿ ನೋಡಿ. ತುಂಬಾ ದಟ್ಟ ದಳದ ಗುಲಾಬಿಗಳಲ್ಲಿ ಕೇಸರಗಳೇ ದಳಗಳಾಗಿ ಬದಲಾಗಿರುತ್ತವೆ. ಒಳಗೆ ಒಂದೂ ಕೇಸರ ಇಲ್ಲದಿದ್ದರೆ ಬೇರೆ ತಂದೆ ಹುಡುಕಿ. ಆದರೆ ಅದೇ ಗಿಡ ಬಿಸಿಲು ಹೆಚ್ಚಾದಾಗಲೋ ಸೊರಗಿದಾಗಲೋ ಕಡಿಮೆ ದಳದ ಹೂವು ಕೊಡುತ್ತದೆ. ಅದರಲ್ಲಿ ನಾಲ್ಕು ಕೇಸರ ಸಿಗಬಹುದು.

ಕೇಸರ ಇದ್ದೂ ಪುಡಿ ಇಲ್ಲವೇ? ಪೂರ್ತಿ ಅರಳಿದ ಹೂವನ್ನು ತಂದಿದ್ದರೆ ಜೇನುನೊಣ ಮುಂಚೆಯೇ ಬಂದು ಹೋಗಿರುತ್ತದೆ. ಅರೆಬಿರಿದ ಮೊಗ್ಗಿನಿಂದ ಪರಾಗ ಚೀಲಗಳನ್ನು ಕತ್ತರಿಸಿ, ಬಿಳಿ ಕಾಗದದ ಮೇಲೆ ನೆರಳಲ್ಲಿ ಒಂದು ದಿನ ಒಣಗಿಸಿ. ಫ್ಯಾನ್ ಕೆಳಗೆ ಇಡಬೇಡಿ. ಚೀಲ ಬಿರಿದು ಕಾಗದದ ಮೇಲೆ ಹಳದಿ ಕಲೆ ಬೀಳಬೇಕು. ಚೀಲ ಕಪ್ಪಾಗಿ ಮುರುಟಿ, ಕಲೆ ಬೀಳದಿದ್ದರೆ ಆ ಪುಡಿಗೆ ಜೀವ ಇಲ್ಲ. ಪುಡಿ ಮುದ್ದೆಯಾಗಿದ್ದರೆ ತೇವ ಹಿಡಿದಿದೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಸಿಗುವ ಸಿಲಿಕಾ ಪೊಟ್ಟಣ ಹಾಕಿ, ಸಣ್ಣ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟರೆ ಎರಡು–ಮೂರು ವಾರ ಬಳಸಬಹುದು.

ದಳದ ಅಂಚು ಕಂದಾಗಿದ್ದು, ಹೂವನ್ನು ಬಿಳಿ ಕಾಗದದ ಮೇಲೆ ಕೊಡವಿದರೆ ಸಣ್ಣ ಕಡ್ಡಿಯಂಥ ಹುಳು ಓಡಾಡಿದರೆ ಅದು ಥ್ರಿಪ್ಸ್. ಇವು ಪುಡಿಯನ್ನೇ ತಿನ್ನುತ್ತವೆ, ಒಂದು ಹೂವಿನ ಪುಡಿಯನ್ನು ಇನ್ನೊಂದಕ್ಕೆ ಹೊತ್ತೊಯ್ಯುತ್ತವೆ ಕೂಡ. ಆ ಹೂವು ಬಳಸಬೇಡಿ.

## ಲಕ್ಷಣ: ಕಾಯಿ ಉಬ್ಬಿದ ಮೇಲೆ ತೊಟ್ಟು ಕಪ್ಪಾಗುತ್ತದೆ

ಕಪ್ಪು ಬಣ್ಣ ಕಾಯಿಯ ಕಡೆಯಿಂದ ಕೆಳಗೆ ಇಳಿಯುತ್ತಿದ್ದರೆ ಹೂವಿನ ಅವಶೇಷ ಕೊಳೆತಿದೆ. ಕಾಯಿ ನಿಂತದ್ದು ಖಾತ್ರಿಯಾದ ಮೇಲೆ ಚೀಲ ತೆಗೆದುಬಿಡಿ, ಗಾಳಿಯಾಡಲಿ. ಕಪ್ಪು ಕೊಂಬೆಯಿಂದ ಮೇಲಕ್ಕೆ ಬರುತ್ತಿದ್ದರೆ ಒಣಗು ರೋಗ. ಕಟಿಂಗ್ ಮಾಡಿದ ಗಾಯದಿಂದ ಒಳಗೆ ಹೊಕ್ಕಿರುತ್ತದೆ. ಆರೋಗ್ಯದ ಹಸಿರು ಕಾಣುವ ತನಕ ಕೆಳಗೆ ಕತ್ತರಿಸಿ, ಕಾಯಿ ಹೋದರೆ ಹೋಗಲಿ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸದೆ ಇನ್ನೊಂದು ಗಿಡಕ್ಕೆ ಒಯ್ಯಬೇಡಿ.

ಬುಡದಲ್ಲಿ, ಮಣ್ಣಿನ ಮಟ್ಟಕ್ಕೆ ಒರಟು ಗಂಟು ಎದ್ದಿದ್ದರೆ ಇಲ್ಲಿಗೇ ನಿಲ್ಲಿಸಿ. ಅದು ಗಂಟು ರೋಗ ಇರಬಹುದು, ಔಷಧಿ ಇಲ್ಲ. ಗಿಡ ಕಿತ್ತು ಹಾಕಿ, ಆ ಮಣ್ಣಿನಲ್ಲಿ ಮತ್ತೆ ಗುಲಾಬಿ ಇಡಬೇಡಿ.

## ಲಕ್ಷಣ: ಕಾಯಿ ದಪ್ಪ, ಒಳಗೆ ಬೀಜ ಒಂದೋ ಎರಡೋ, ಇಲ್ಲವೇ ಪೊಳ್ಳು

ಎಲ್ಲ ಹೆಣ್ಣು ತುದಿಗಳಿಗೂ ಪುಡಿ ತಾಗಿಲ್ಲ ಅನ್ನುವುದು ಸರಳ ಕಾರಣ. ಬ್ರಷ್ ಬದಲು ಬೆರಳ ತುದಿಯಲ್ಲಿ ಪುಡಿ ತೆಗೆದು ಗೊಂಚಲಿನ ಮೇಲೆ ಮೆಲ್ಲಗೆ ತಿಕ್ಕಿ, ಎರಡು ದಿನ.

ಎರಡು ಸಲ ಹಚ್ಚಿದರೂ ಹೀಗೇ ಆದರೆ ಕ್ರೋಮೋಸೋಮ್ (ವರ್ಣತಂತು) ಲೆಕ್ಕ ನೋಡಬೇಕು. ಗುಲಾಬಿಯ ಮೂಲ ಸಂಖ್ಯೆ 7. ಅನೇಕ ಕಾಡು ಗುಲಾಬಿಗಳಲ್ಲಿ, ಹಳೆ ಚೀನೀ ಗುಲಾಬಿಗಳಲ್ಲಿ 14 ಇರುತ್ತವೆ. ಅಂಗಡಿಯಲ್ಲಿ ಸಿಗುವ ದೊಡ್ಡ ಹೂವಿನ ಹೈಬ್ರಿಡ್ ಟೀ ಗುಲಾಬಿಗಳಲ್ಲಿ ಹೆಚ್ಚಿನವಕ್ಕೆ 28. 14ರದ್ದನ್ನೂ 28ರದ್ದನ್ನೂ ಸೇರಿಸಿದರೆ ಮಗುವಿಗೆ 21 ಬರುತ್ತದೆ, ಬೆಸ ಜೋಡಿಯ ಚಪ್ಪಲಿಯ ಹಾಗೆ. ಅಂಥ ಗಿಡ ಹೂವು ಚೆನ್ನಾಗಿ ಬಿಡುತ್ತದೆ, ಬೀಜ ಮಾತ್ರ ಅಪರೂಪ. ನಿಮ್ಮ ಗಿಡವೂ ಅಂಥದ್ದಿರಬಹುದು. ಆದ್ದರಿಂದ ಹೊಸಬರು ದೊಡ್ಡ ಹೂವಿನದಕ್ಕೆ ದೊಡ್ಡ ಹೂವಿನದನ್ನೇ ಸೇರಿಸಿ. ಬೆಸ ಕ್ರಾಸ್ ಮಾಡಲೇಬಾರದು ಅಂತಲ್ಲ. ಕೊಡೈಕನಾಲ್‌ನ ಎಂ.ಎಸ್. ವೀರರಾಘವನ್ ನಮ್ಮ ದೇಶದ್ದೇ ಆದ ರೋಸಾ ಕ್ಲೈನೋಫಿಲ್ಲಾ ಎಂಬ ಕಾಡು ಗುಲಾಬಿಯನ್ನು ಬಳಸಿ ಬಿಸಿ ನಾಡಿಗೆ ಒಗ್ಗುವ ತಳಿಗಳನ್ನು ಮಾಡಿದ್ದು ಇಂಥ ಕಷ್ಟದ ದಾರಿಯಲ್ಲೇ. ಅದಕ್ಕೆ ವರ್ಷಗಟ್ಟಲೆ ತಾಳ್ಮೆ ಬೇಕು.

ಕಾಯಿ ಒಡೆಯುವಾಗ ಎಚ್ಚರ. ಒಳಗಿನ ಸಣ್ಣ ಕೂದಲು ಕೈಗೆ, ಕಣ್ಣಿಗೆ ತಾಗಿದರೆ ವಿಪರೀತ ತುರಿಕೆ. ಔಷಧಿ ಹೊಡೆದ ಗಿಡದ ಕಾಯಿಯನ್ನು ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

## ಲಕ್ಷಣ: ಬೀಜ ಹಾಕಿ ತಿಂಗಳಾದರೂ ಮೊಳಕೆ ಇಲ್ಲ

ಮೊದಲು ಆಸೆಯನ್ನು ಸರಿಮಾಡಿಕೊಳ್ಳಿ. ನೂರು ಬೀಜಕ್ಕೆ 20–30 ಮೊಳೆತರೆ ಅದು ಸೋಲಲ್ಲ. ಮೊಳಕೆ ಒಟ್ಟಿಗೂ ಬರುವುದಿಲ್ಲ, ತಿಂಗಳುಗಟ್ಟಲೆ ಒಂದೊಂದಾಗಿ ಬರುತ್ತದೆ.

ಒಂದೂ ಬರದಿದ್ದರೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಬೀಜಕ್ಕೆ ಚಳಿ ಸಿಕ್ಕಿತೇ? ಗುಲಾಬಿ ಬೀಜ ತೇವದಲ್ಲಿ, ಚಳಿಯಲ್ಲಿ ಎರಡು ತಿಂಗಳು ಕಳೆಯದೆ ಸಾಮಾನ್ಯವಾಗಿ ಏಳುವುದಿಲ್ಲ. ಇಲ್ಲಿ ಜನ ಎಡವುವುದು 'ತೇವ' ಎಂಬಲ್ಲಿ. ಒಣ ಬೀಜವನ್ನು ಕಾಗದದಲ್ಲಿ ಸುತ್ತಿ ವರ್ಷವಿಡೀ ಫ್ರಿಜ್‌ನಲ್ಲಿಟ್ಟರೂ ಅದು ಲೆಕ್ಕಕ್ಕಿಲ್ಲ. ಒದ್ದೆ ಟಿಶ್ಯೂ ಕಾಗದದಲ್ಲಿ ಮಡಿಚಿ, ಜಿಪ್ ಕವರಿನಲ್ಲಿ ಹಾಕಿ, ಫ್ರಿಜ್‌ನ ಕೆಳಗಿನ ಅರೆಯಲ್ಲಿ 4–5 ಡಿಗ್ರಿಯಲ್ಲಿಡಬೇಕು. ಬಾಗಿಲಿನ ಅರೆ ಬೇಡ, ಪದೇ ಪದೇ ತೆರೆದು ಬಿಸಿಯಾಗುತ್ತದೆ. ಫ್ರೀಜರ್ ಅಂತೂ ಬೇಡವೇ ಬೇಡ, ಒದ್ದೆ ಬೀಜ ಸತ್ತುಹೋಗುತ್ತದೆ. ಕವರಿನ ಮೇಲೆ ದೊಡ್ಡದಾಗಿ 'ತಿನ್ನುವುದಲ್ಲ' ಅಂತ ಬರೆಯಿರಿ.

ಎರಡನೇ ಪ್ರಶ್ನೆ ಮತ್ತೆ ಕ್ಯಾಲೆಂಡರ್. ಏಪ್ರಿಲ್‌ನಲ್ಲಿ ಕಾಯಿ ಕಿತ್ತು, ಎರಡು ತಿಂಗಳು ಚಳಿಯಲ್ಲಿಟ್ಟು, ಜೂನ್‌ನಲ್ಲಿ ಬಿತ್ತಿದರೆ ಮಣ್ಣಿನ ಬಿಸಿಗೆ ಬೀಜ ಮತ್ತೆ ನಿದ್ದೆಗೆ ಜಾರುತ್ತದೆ. ಅದಕ್ಕೆ 15–20 ಡಿಗ್ರಿ ಹಿತ. ಹಾಗಾಗಿ ಏಪ್ರಿಲ್‌ನಲ್ಲಿ ಬೀಜ ತೆಗೆದು ತೊಳೆದು ಒಣಗಿಸಿ, ಕಾಗದದ ಕವರಿನಲ್ಲಿ ಫ್ರಿಜ್‌ನಲ್ಲಿಡಿ. ನಾಗರ ಪಂಚಮಿ ಕಳೆದ ಮೇಲೆ ಒದ್ದೆ ಟಿಶ್ಯೂಗೆ ಹಾಕಿ. ಅಕ್ಟೋಬರ್ ಕೊನೆ, ನವೆಂಬರ್ ಮೊದಲಿಗೆ ಬಿತ್ತಿ. ಫ್ರಿಜ್‌ನಲ್ಲೇ ಮೊಳಕೆ ಒಡೆದರೆ ಹೆದರಬೇಡಿ, ಆ ಬೀಜವನ್ನು ಮೊದಲು ಬಿತ್ತಿ.

ಟಿಶ್ಯೂ ಮೇಲೆ ಬೂಸ್ಟು ಬಂದಿದ್ದರೆ ಕಾಯಿಯ ತಿರುಳು ಬೀಜಕ್ಕೆ ಅಂಟಿಕೊಂಡಿತ್ತು ಅಂತ ಅರ್ಥ. ಆ ತಿರುಳು ಮೊಳಕೆಯನ್ನೂ ತಡೆಯುತ್ತದೆ. ಬೀಜ ತೊಳೆದು ಹೊಸ ಟಿಶ್ಯೂ ಹಾಕಿ. ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್‌ಗೆ ನೀರು ಬೆರೆಸಿ ಸ್ವಲ್ಪ ಹೊತ್ತು ನೆನೆಸುವವರಿದ್ದಾರೆ. ಅದನ್ನು ಬ್ಲೀಚಿಂಗ್ ಪುಡಿ ಅಥವಾ ವಿನೆಗರ್ ಜೊತೆ ಎಂದೂ ಬೆರೆಸಬೇಡಿ. ನೀರಿನಲ್ಲಿ ತೇಲುವ ಬೀಜ ಎಸೆಯಿರಿ ಅಂತ ಹಲವರು ಹೇಳುತ್ತಾರೆ. ನಾನು ಎಸೆಯಬೇಡಿ ಅನ್ನುತ್ತೇನೆ. ತೇಲಿದವೂ ಮೊಳೆಯುವುದುಂಟು, ಒಂದು ಮೂಲೆಯಲ್ಲಿ ಬೇರೆ ಬಿತ್ತಿ.

## ಲಕ್ಷಣ: ಎದ್ದ ಸಸಿ ಬುಡದಲ್ಲಿ ಬಾಗಿ ಬೀಳುತ್ತದೆ

ಮಣ್ಣಿಗೆ ತಾಗುವಲ್ಲಿ ಕಾಂಡ ನೂಲಿನಂತೆ ತೆಳುವಾಗಿದ್ದರೆ ಅದು ಬುಡ ಕೊಳೆ. ಆ ಸಸಿ ಉಳಿಯುವುದಿಲ್ಲ, ಉಳಿದವನ್ನು ನೋಡಿಕೊಳ್ಳಿ. ಹೊಲದ ಎರೆ ಮಣ್ಣು ಟ್ರೇಗೆ ಹಾಕಿದ್ದೇ ಕಾರಣವಿರಬಹುದು. ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಖನಿಜ ಹರಳು) ಬಳಸಿ, ನೀರನ್ನು ಕೆಳಗಿನ ತಟ್ಟೆಯಿಂದ ಕೊಡಿ. ಹರಡುತ್ತಿದ್ದರೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕವನ್ನು ಲೀಟರಿಗೆ 2 ಗ್ರಾಂನಂತೆ ಬುಡಕ್ಕೆ ಹಾಕಬಹುದು. ಕೈಗವಸು, ಮಾಸ್ಕ್ ಇರಲಿ. ಕುಡಿಯುವ ನೀರಿನ ಬಾಟಲಿಯಲ್ಲಿ ಔಷಧಿ ಕಲಸಬೇಡಿ.

## ಲಕ್ಷಣ: ಹೊಸ ಎಲೆ ಹಳದಿ, ನರ ಮಾತ್ರ ಹಸಿರು

ಇದು ನಮ್ಮ ಕಡೆಯ ಖಾಸಾ ತೊಂದರೆ. ಶಹಾಬಾದ್, ವಾಡಿ, ಸೇಡಂ ಸುತ್ತ ನೆಲದಡಿ ಸುಣ್ಣಕಲ್ಲೇ ಇದೆ. ಮಣ್ಣಿನಲ್ಲಿ, ಬೋರ್ ನೀರಿನಲ್ಲಿ ಸುಣ್ಣ ಜಾಸ್ತಿಯಾದರೆ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಒಂದು ಚಿಟಿಕೆ ಒಣ ಮಣ್ಣಿಗೆ ವಿನೆಗರ್ ಹನಿಸಿ. ನೊರೆ ಎದ್ದರೆ ಸುಣ್ಣ ಖಾತ್ರಿ. ಸಸಿಗಳಿಗೆ ಹಿಡಿದಿಟ್ಟ ಮಳೆ ನೀರು ಕೊಡಿ, ಚಿಲೇಟೆಡ್ ಐರನ್ (ಗಿಡ ಹೀರಬಲ್ಲ ರೂಪದ ಕಬ್ಬಿಣ) ಅನ್ನು ಪ್ಯಾಕೆಟ್ಟಿನಲ್ಲಿ ಹೇಳಿದ್ದರ ಅರ್ಧ ಪ್ರಮಾಣದಲ್ಲಿ ಸಿಂಪಡಿಸಿ. ಆರ್‌ಓ ಯಂತ್ರ ಹೊರಹಾಕುವ ನೀರನ್ನು ಗಿಡಕ್ಕೆ ಹಾಕುವ ಅಭ್ಯಾಸ ಹಲವರಿಗಿದೆ. ಅದರಲ್ಲಿ ಉಪ್ಪು ಇನ್ನೂ ಜಾಸ್ತಿ. ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿದ್ದರೆ ಅದೇ ಸಾಕ್ಷಿ.

ಹಳೆ ಎಲೆ ಮಾತ್ರ ಹಳದಿಯಾದರೆ ಕಬ್ಬಿಣವಲ್ಲ, ನೀರು ನಿಂತಿದೆ ಇಲ್ಲವೇ ಸಾರಜನಕ ಕಡಿಮೆ. ಎಲೆಯ ಕೆಳಗೆ ಸಣ್ಣ ಬಲೆ, ಮೇಲೆ ಮಸುಕು ಚುಕ್ಕೆ ಇದ್ದರೆ ಬೇಸಿಗೆಯ ಜೇಡ ನುಸಿ. ಎಲೆಯ ಅಡಿಗೆ ಜೋರಾಗಿ ನೀರು ಹೊಡೆಯಿರಿ. ಮಾಳಿಗೆ ಮೇಲೆ ಕುಂಡ ಇಟ್ಟಿದ್ದರೆ ಕಾದ ಸ್ಲ್ಯಾಬ್ ಮೇಲೆ ನೇರವಾಗಿ ಇಡದೆ ಇಟ್ಟಿಗೆ ಕೊಡಿ, ಮಾರ್ಚ್‌ನಿಂದ ಹಸಿರು ನೆರಳು ಪರದೆ ಕಟ್ಟಿ.

ಡಿಸೆಂಬರ್–ಜನವರಿಯಲ್ಲಿ ಎಲೆ ಮೇಲೆ ಬೂದಿಯಂಥ ಬಿಳಿ ಪುಡಿ ಬಂದರೆ (ಬೂದಿ ರೋಗ) ನೀರಿನಲ್ಲಿ ಬೆರೆಯುವ ಗಂಧಕ (ವೆಟ್ಟಬಲ್ ಸಲ್ಫರ್) ಲೀಟರಿಗೆ 2 ಗ್ರಾಂ ಸಾಕು. ಬಿಸಿಲು 32 ಡಿಗ್ರಿ ದಾಟಿದ ದಿನ, ಇಲ್ಲವೇ ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆದರೆ ಎಲೆ ಸುಡುತ್ತದೆ. ನಿಜ ಹೇಳಬೇಕೆಂದರೆ ಬೂದಿಗೆ ಮೊದಲು ಬಲಿಯಾಗುವ ಸಸಿಯನ್ನು ಉಳಿಸಿಕೊಳ್ಳಬೇಡಿ. ತಳಿ ಆಯುವ ಕೆಲಸವನ್ನು ರೋಗವೇ ಸುಲಭ ಮಾಡಿಕೊಟ್ಟಿದೆ.

## ಲಕ್ಷಣ: ಸಸಿಗಳೆಲ್ಲ ತಾಯಿಯ ಬಣ್ಣವೇ, ಅಥವಾ ಹೂವೇ ಇಲ್ಲ

ಎಲ್ಲ ಸಸಿಯೂ ತಾಯಿ ಕಡೆಗೇ ವಾಲಿದರೆ ತಾಯಿ ತನ್ನ ಪುಡಿಯಿಂದಲೇ ಕಾಯಿ ಕಟ್ಟಿದೆ ಅಂತ ಅನುಮಾನಿಸಿ. ಬಿಸಿಲಿಗೆ ಮೊಗ್ಗಿನೊಳಗೇ ಪರಾಗ ಚೀಲ ಬೇಗ ಬಿರಿಯುತ್ತದೆ. ಮುಂದಿನ ಸಲ ಒಂದು ಹೂವಿನ ಕೇಸರ ತೆಗೆದು, ಪುಡಿ ಹಚ್ಚದೆ ಸುಮ್ನೆ ಚೀಲ ಕಟ್ಟಿ. ಅದೂ ಕಾಯಿ ಕಟ್ಟಿದರೆ ನೀವು ಕೇಸರ ತೆಗೆಯುವುದು ತಡವಾಗುತ್ತಿದೆ. ಒಂದು ದಿನ ಮೊದಲೇ ತೆಗೆಯಿರಿ.

ವರ್ಷವಿಡೀ ಹೂ ಬಿಡುವ ಎರಡು ಗಿಡಗಳ ಮಗು ಮೊಳೆತ ಎರಡು–ಮೂರು ತಿಂಗಳಲ್ಲೇ ಮೊದಲ ಹೂವು ಕೊಡುತ್ತದೆ. ಹಾಗೆ ಬರದಿದ್ದರೆ ಒಬ್ಬರು ವರ್ಷಕ್ಕೊಮ್ಮೆ ಬಿಡುವ ಜಾತಿಯವರಿರಬೇಕು. ಆಗ ಎರಡು–ಮೂರು ವರ್ಷ ಕಾಯಬೇಕು. ಮೊದಲ ಹೂವು ಸಣ್ಣದು, ದಳ ಕಡಿಮೆ ಅಂತ ಗಿಡ ಕೀಳಬೇಡಿ. ಮೂರನೇ ಸಲದ ಹೂವು ನೋಡಿ, ಚೆಂದ ಅನಿಸಿದರೆ ಒಂದು ಕಣ್ಣು (ಎಲೆ ಬುಡದ ಚಿಗುರು ಮೊಗ್ಗು) ತೆಗೆದು ಗಟ್ಟಿ ಬೇರುಗಿಡಕ್ಕೆ ಕಸಿ ಕಟ್ಟಿ.

## ಯಾವಾಗ ನಿಲ್ಲಿಸಿ, ಯಾರನ್ನು ಕೇಳಬೇಕು

ಎರಡು ಚಳಿಗಾಲ ಒಂದೇ ತಾಯಿ ಗಿಡ ಕೈಕೊಟ್ಟರೆ ಮೂರನೆಯದಕ್ಕೆ ಅದನ್ನು ನಂಬಬೇಡಿ.

ಮುಳ್ಳು ಚುಚ್ಚಿದ ಜಾಗ ಸೋಪಿನಲ್ಲಿ ತೊಳೆಯಿರಿ, ಟಿಟಿ ಇಂಜೆಕ್ಷನ್ ಅವಧಿ ಮುಗಿದಿದ್ದರೆ ಹಾಕಿಸಿಕೊಳ್ಳಿ. ಕೆಲವು ವಾರದ ಮೇಲೆ ಅಲ್ಲಿ ನೋವಿಲ್ಲದ ಗಂಟು ಎದ್ದು, ತೋಳಿನುದ್ದಕ್ಕೂ ಸಾಲಾಗಿ ಗಂಟು ಬಂದರೆ ಮನೆಮದ್ದು ಬೇಡ. ಚರ್ಮದ ಡಾಕ್ಟರಿಗೆ ತೋರಿಸಿ, ಗುಲಾಬಿ ಮುಳ್ಳು ಚುಚ್ಚಿತ್ತು ಅಂತ ತಪ್ಪದೆ ಹೇಳಿ. ಮುಳ್ಳು, ಮಣ್ಣಿನಿಂದ ಬರುವ ಒಂದು ಶಿಲೀಂಧ್ರ ಹೀಗೆ ಮಾಡುತ್ತದೆ. ಔಷಧಿ ಹೊಡೆದ ಮೇಲೆ ತಲೆ ಸುತ್ತಿ ವಾಂತಿ ಬಂದರೆ ಡಬ್ಬಿಯ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಿ.

ಮಣ್ಣು, ನೀರಿನ ಪರೀಕ್ಷೆಗೆ ಕಲಬುರಗಿ, ಬೀದರ್‌ನ ಕೃಷಿ ವಿಜ್ಞಾನ ಕೇಂದ್ರ ಇದೆ. ಯಾದಗಿರಿ ಜಿಲ್ಲೆಯವರಿಗೆ ಸುರಪುರ ತಾಲ್ಲೂಕಿನ ಕವಡಿಮಟ್ಟಿ. ಬೀದರ್‌ನಲ್ಲಿ ತೋಟಗಾರಿಕೆ ಕಾಲೇಜೂ ಇದೆ. ಹೋಗುವಾಗ ರೋಗ ಬಂದ ಕೊಂಬೆಯನ್ನು ಒದ್ದೆ ಕಾಗದದಲ್ಲಿ ಸುತ್ತಿಕೊಳ್ಳಿ, ಒಣಗಿಸಿದ ಅರ್ಧ ಕಿಲೋ ಮಣ್ಣು, ಒಂದು ಬಾಟಲಿ ಬೋರ್ ನೀರು, ಕ್ರಾಸ್ ಮಾಡಿದ ತಾರೀಖಿನ ಟ್ಯಾಗ್ ಜೊತೆಗಿರಲಿ.